ಗಲ್ಫ್‌ಗೆ ಕುಟುಂಬ: ಪೆಟ್ಟಿಗೆ ಕಟ್ಟುವ ಮುನ್ನ

(ಕುಟುಂಬ ಸಮೇತ ಗಲ್ಫ್ ರಾಷ್ಟ್ರಗಳಿಗೆ ತೆರಳಲಿರುವವರಿಗಾಗಿ ಕರಾವಳಿಯ ಪಟ್ಟಣವೊಂದರಲ್ಲಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಲ್ಫ್ ಎಂಬುದು ನಮ್ಮ ಪಾಲಿಗೆ ಹೊಸ ಪದವಲ್ಲ. ಮಂಗಳೂರು, ಉಡುಪಿ, ಭಟ್ಕಳದ ಮುಸ್ಲಿಮ್ ಮನೆಗಳಲ್ಲಿ ಒಬ್ಬನಾದರೂ ಕಡಲಾಚೆ ದುಡಿಯದ ಮನೆಯನ್ನು ಹುಡುಕುವುದು ಕಷ್ಟ. ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿದಂದಿನಿಂದ ಬಿರುಸುಗೊಂಡ ಈ ಪಯಣವು ನಮ್ಮ ಹಂಚಿನ ಮನೆಗಳನ್ನು ತಾರಸಿ ಮನೆಗಳನ್ನಾಗಿ ಮಾಡಿತು. ಮಸೀದಿ, ಮದ್ರಸಗಳಿಗೆ ಕಟ್ಟಡ ಕೊಟ್ಟಿತು. ಶಾಲೆ ಕಾಣದ ತಂದೆಯ ಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿತು. ಆದರೆ ಅಂದು ಹೋದವರಲ್ಲಿ ಹೆಚ್ಚಿನವರು ಒಬ್ಬಂಟಿಗರಾಗಿ ಹೋದರು. ಪತ್ನಿ ಊರಿನಲ್ಲಿ, ಪತಿ ಅಲ್ಲಿನ ಹಂಚಿಕೆಯ ಕೋಣೆಯ ಮಂಚದಲ್ಲಿ, ಮಕ್ಕಳು ಫೋಟೋದಲ್ಲಿ. ತಂದೆ ರಜೆಯಲ್ಲಿ ಬಂದಾಗ ಗುರುತು ಸಿಗದೆ ಅಳುತ್ತಾ ತಾಯಿಯ ಸೆರಗಿನ ಹಿಂದೆ ಅಡಗಿದ ಮಕ್ಕಳೇ ಇಂದು ಸ್ವತಃ ತಂದೆಯರಾಗಿ ವಿಮಾನ ಹತ್ತುತ್ತಿದ್ದಾರೆ. ತಮ್ಮ ಮಕ್ಕಳಿಗೆ ಆ ಸ್ಥಿತಿ ಬಾರದಿರಲೆಂದು ಪತ್ನಿ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲು ಬಯಸುತ್ತಿದ್ದಾರೆ.

ಈ ಬಯಕೆ ಸಹಜವೂ ಹೌದು, ಸ್ವಾಗತಾರ್ಹವೂ ಹೌದು. ದಾಂಪತ್ಯವನ್ನು ಪರಸ್ಪರ ನೆಮ್ಮದಿಯ ತಾಣವೆಂದು ಕಾಣುವ ಧರ್ಮವು ಪತಿ ಪತ್ನಿಯರು ವರ್ಷಗಟ್ಟಲೆ ಅಗಲಿರುವುದನ್ನು ಆದರ್ಶವೆಂದು ಒಪ್ಪಲಾರದು. ಆದ್ದರಿಂದ ಕುಟುಂಬವನ್ನು ಕರೆದೊಯ್ಯಬೇಕೇ ಬೇಡವೇ ಎಂಬುದು ಇಂದಿನ ಚರ್ಚೆಯಲ್ಲ. ಹೊರಡುವ ಮುನ್ನ ನಾವು ಸಿದ್ಧರಾಗುತ್ತಿದ್ದೇವೆಯೇ ಎಂಬುದು ಪ್ರಶ್ನೆ.

ಹೊರಡಲಿರುವ ಮನೆಗೆ ಒಮ್ಮೆ ಹೋಗಿ ನೋಡಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಕುಚ್ಚಿಲಕ್ಕಿ, ಹುರಿದು ಪುಡಿ ಮಾಡಿದ ಮಸಾಲೆ ಎಲ್ಲವೂ ನಡುಮನೆಯಲ್ಲಿ ಹರಡಿರುತ್ತದೆ. ವಿಮಾನ ಕಂಪೆನಿ ಒಪ್ಪುವ ತೂಕಕ್ಕಿಂತ ಅರ್ಧ ಕಿಲೋ ಹೆಚ್ಚಾಗದಂತೆ ಪೆಟ್ಟಿಗೆಯನ್ನು ಮೂರು ಮೂರು ಬಾರಿ ತೂಗಲಾಗುತ್ತದೆ. ಪೆಟ್ಟಿಗೆಯ ತೂಕದ ಬಗ್ಗೆ ಇಷ್ಟು ಜಾಗೃತರಾಗಿರುವ ನಾವು ಹೆಗಲ ಮೇಲಿನ ಸಾಲದ ತೂಕವನ್ನು ನೋಡುತ್ತೇವೆಯೇ? ಬಿಟ್ಟು ಹೋಗುವ ತಂದೆ ತಾಯಿಯ ಒಂಟಿತನವನ್ನು ತೂಗಿದ್ದೇವೆಯೇ? ಮಗುವಿನ ಭಾಷೆ, ಪತ್ನಿಯ ಹಕ್ಕು, ಮರಳಿ ಬರುವ ದಿನ ಇವುಗಳಿಗೆ ಪೆಟ್ಟಿಗೆಯಲ್ಲಿ ಜಾಗವಿದೆಯೇ?

ಪ್ರವಾದಿ ಮುಹಮ್ಮದ್(ಸ)ರು ಮಕ್ಕಾದಿಂದ ಹೊರಟ ರಾತ್ರಿಯನ್ನು ನೆನಪಿಸಿಕೊಳ್ಳೋಣ. ಮನೆಯ ಹೊರಗೆ ಪ್ರಾಣ ತೆಗೆಯಲು ಸಂಚು ಹೂಡಿದವರು ಕಾದಿದ್ದರು. ಆ ಗಳಿಗೆಯಲ್ಲೂ ಅವರು ಜನರ ಅಮಾನತ್ತುಗಳನ್ನು ಮರೆಯಲಿಲ್ಲ. ತಮ್ಮ ಬಳಿ ಇಡಲಾಗಿದ್ದ ವಸ್ತುಗಳನ್ನು ಅವುಗಳ ಒಡೆಯರಿಗೆ ಮರಳಿಸುವ ಹೊಣೆಯನ್ನು ಅಲೀ(ರ)ರಿಗೆ ಒಪ್ಪಿಸಿ ಹೊರಟರು. ಹೊರಡುವವನ ಮೊದಲ ಸಿದ್ಧತೆ ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೇ? ನಮ್ಮದು ಜೀವನೋಪಾಯದ ಪಯಣ. ಅದನ್ನು ಹಿಜ್ರತ್‌ಗೆ ಹೋಲಿಸುವುದು ಅತಿಯಾದೀತು. ಆದರೆ ಪಾಠ ಕಲಿಯಲು ಅಡ್ಡಿಯೇನಿಲ್ಲ. ಕೊಡಬೇಕಾದ್ದನ್ನು ಕೊಡುವುದು, ಕೊಡಲಾಗದ್ದನ್ನು ಬರೆದಿಡುವುದು, ಯಾರಿಗೆ ಒಪ್ಪಿಸಬೇಕೋ ಅವರಿಗೆ ಒಪ್ಪಿಸುವುದು; ಪಯಣ ಅಲ್ಲಿಂದ ಆರಂಭವಾಗಬೇಕು.

ಸಾಲದ ಮಾತಿಗೆ ಬರೋಣ. ವೀಸಾಕ್ಕೆಂದು ಬಡ್ಡಿಯ ಸಾಲ, ಟಿಕೆಟ್‌ಗೆಂದು ಬಂಗಾರದ ಅಡವು, ಹೋದಮೇಲೆ ಮನೆ ಸಾಮಾನಿಗೆಂದು ಕ್ರೆಡಿಟ್ ಕಾರ್ಡು. ಹೀಗೆ ಹೊರಟವನು ಅಲ್ಲಿಗೆ ತಲುಪುವುದು ದುಡಿಯುವವನಾಗಿ ಅಲ್ಲ, ಸಾಲಗಾರನಾಗಿ. ಸಾಲ ತೀರಿಸದೆ ತೀರಿಹೋದವರ ಜನಾಝಾ ನಮಾಝ್‌ಗೆ ಪ್ರವಾದಿ(ಸ)ರು ಹಿಂಜರಿದಿದ್ದರು, ಬೇರೊಬ್ಬರು ಆ ಸಾಲದ ಹೊಣೆ ಹೊತ್ತ ಬಳಿಕವಷ್ಟೇ ಮುಂದೆ ನಿಂತರು ಎಂಬುದನ್ನು ನಾವು ಖುತ್ಬಾಗಳಲ್ಲಿ ಕೇಳಿದ್ದೇವೆ. ಕೇಳಿ ಮರೆತಿದ್ದೇವೆ. ಇನ್ನು ಅಡವಿಡಲಾಗುವ ಬಂಗಾರ ಯಾರದು? ಹೆಚ್ಚಿನ ಸಂದರ್ಭಗಳಲ್ಲಿ ಅದು ಪತ್ನಿಯ ಮಹರ್ ಅಥವಾ ಆಕೆಯ ತವರಿನವರು ಕೊಟ್ಟದ್ದು. ಮಹರ್ ಪತ್ನಿಯ ಸೊತ್ತು ಎಂದು ಕುರ್‌ಆನ್ ಸಾರಿದೆ. ಆಕೆ ಮನಃಪೂರ್ವಕವಾಗಿ ಕೊಟ್ಟರೆ ಮಾತ್ರ ಪತಿ ಅದನ್ನು ಬಳಸಬಹುದು. ಮಾತು ಬೆಳೆಸಲಾರದೆ ಕಳಚಿ ಕೊಟ್ಟ ಬಳೆಗಳು ಮನಃಪೂರ್ವಕ ಕೊಡುಗೆಯಲ್ಲ. ತೆಗೆದುಕೊಳ್ಳಲೇಬೇಕಾದರೆ ಇಷ್ಟು ಗ್ರಾಂ, ಇಂಥ ದಿನ, ಇಷ್ಟರೊಳಗೆ ಮರಳಿಸುತ್ತೇನೆ ಎಂದು ಬರೆದು ಕೊಡಿ. ಸಾಲವನ್ನು ಬರೆದಿಡಿರೆಂಬ ಆದೇಶ ಅಲ್‌ಬಕರ ಅಧ್ಯಾಯದಲ್ಲಿದೆ. ಪತಿ ಪತ್ನಿಯರಿಗೆ ಅದರಿಂದ ವಿನಾಯಿತಿ ಇದೆಯೆಂದು ಯಾರೂ ಹೇಳಿಲ್ಲ.

ವೀಸಾದ ವಿಚಾರದಲ್ಲಿ ನಮ್ಮವರು ಮೋಸ ಹೋಗುವುದು ಇನ್ನೂ ನಿಂತಿಲ್ಲ. 'ಫ್ರೀ ವೀಸಾ' ಎಂಬ ಹೆಸರಿನ ವೀಸಾ ಯಾವ ಗಲ್ಫ್ ರಾಷ್ಟ್ರದ ಕಾನೂನಿನಲ್ಲೂ ಇಲ್ಲ. ಒಬ್ಬನ ಹೆಸರಿನಲ್ಲಿ ವೀಸಾ ಪಡೆದು ಅನುಮತಿಯಿಲ್ಲದೆ ಇನ್ನೊಬ್ಬನ ಬಳಿ ದುಡಿಯುವುದು ಅಪರಾಧ. ಸಂದರ್ಶಕ ವೀಸಾದಲ್ಲಿ ದುಡಿಯುವುದೂ ಅಷ್ಟೇ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟರು ಮಾತ್ರ ವಿದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸಬಹುದು. ಅವರು ಪಡೆಯಬಹುದಾದ ಶುಲ್ಕಕ್ಕೆ ತೆರಿಗೆ ಹೊರತಾಗಿ 30,000 ರೂಪಾಯಿಯ ಮಿತಿ ಇದೆ. ಏಜೆಂಟ್ ನೋಂದಾಯಿತನೇ ಎಂಬುದನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರೂ ನೋಡಬಹುದು. ಲಕ್ಷಗಟ್ಟಲೆ ಎಣಿಸಿ ಕೊಡುವ ನಾವು ಈ ಐದು ನಿಮಿಷದ ಕೆಲಸವನ್ನು ಮಾಡುವುದಿಲ್ಲ. ಏಕೆಂದರೆ ವೀಸಾ ತಂದವನು ಹೆಚ್ಚಾಗಿ ನಮ್ಮದೇ ನೆಂಟ, ನಮ್ಮದೇ ಜಮಾಅತಿನವನು. ವೀಸಾ ಮಾರಿ ಬದುಕುವವನನ್ನು ಮಸೀದಿಯ ಮೊದಲ ಸಾಲಿನಲ್ಲಿ ಕೂರಿಸಿ ಗೌರವಿಸುವ ಸಮುದಾಯವು ಮೋಸ ಹೋದಾಗ ಯಾರನ್ನು ದೂರಬೇಕು?

ಇನ್ನು ಖರ್ಚಿನ ಲೆಕ್ಕ. ಸೌದಿ ಅರೇಬಿಯಾವು 2017ರ ಜುಲೈಯಲ್ಲಿ ವಿದೇಶಿ ಕಾರ್ಮಿಕರ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷಕ್ಕೆ 100ರಂತೆ ಏರಿ 2020ರ ಜುಲೈಯಲ್ಲಿ 400 ರಿಯಾಲ್‌ಗೆ ಮುಟ್ಟಿತು. ಪತ್ನಿ ಮತ್ತು ಮೂವರು ಮಕ್ಕಳಿದ್ದರೆ ಆ ದರದಲ್ಲಿ ತಿಂಗಳಿಗೆ 1,600, ವರ್ಷಕ್ಕೆ 19,200 ರಿಯಾಲ್. ಇದು ಬಾಡಿಗೆಯಲ್ಲ, ಊಟವಲ್ಲ, ಶಾಲೆಯ ಫೀಸಲ್ಲ. ಜೊತೆಗಿರುವುದಕ್ಕೆ ತೆರುವ ಶುಲ್ಕ. ಈ ಭಾರ ತಾಳಲಾಗದೆ ಶಾಲಾ ವರ್ಷದ ನಡುವೆಯೇ ಊರಿಗೆ ಮರಳಿದ ಕುಟುಂಬಗಳನ್ನು ನಾವು ನಮ್ಮ ಮೊಹಲ್ಲಾಗಳಲ್ಲೇ ಕಂಡೆವು. ಯುಎಇಯು 2019ರಲ್ಲಿ ನಿಯಮ ಸಡಿಲಿಸಿ, 4,000 ದಿರ್ಹಮ್ ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಸಂಬಳವಿರುವವರು ಕುಟುಂಬವನ್ನು ಕರೆಸಿಕೊಳ್ಳಬಹುದೆಂದು ಹೇಳಿತು. ಆದರೆ ಕಾನೂನು ಒಪ್ಪುವ ಸಂಬಳ ಬೇರೆ, ಬದುಕಲು ಸಾಕಾಗುವ ಸಂಬಳ ಬೇರೆ. ಮನೆ ಬಾಡಿಗೆಯನ್ನು ಅಲ್ಲಿ ತಿಂಗಳ ಲೆಕ್ಕದಲ್ಲಲ್ಲ, ವರ್ಷಕ್ಕೆ ಕೆಲವೇ ಚೆಕ್ಕುಗಳಲ್ಲಿ ಮುಂಗಡವಾಗಿ ಕೇಳುವುದು ರೂಢಿ. ದುಬೈಯಲ್ಲಿ ಪತ್ನಿ ಮಕ್ಕಳ ಆರೋಗ್ಯ ವಿಮೆಯ ಹೊಣೆಯೂ ಅವರನ್ನು ಕರೆಸಿಕೊಂಡವನದೇ.

ಆದ್ದರಿಂದ ನಮ್ಮ ಸಲಹೆ ಸರಳ. ಮೊದಲು ಗೃಹಸ್ಥ ಹೋಗಲಿ. ಪರೀಕ್ಷಾರ್ಥ ಅವಧಿ ಮುಗಿಯಲಿ. ಯುಎಇಯಲ್ಲಿ ಇದು ಗರಿಷ್ಠ ಆರು ತಿಂಗಳು. ಬಾಡಿಗೆ, ಶಾಲೆ, ವಿಮೆ, ಊರಿಗೆ ಕಳುಹಿಸಬೇಕಾದ ಹಣ ಎಲ್ಲವನ್ನೂ ಕಾಗದದಲ್ಲಿ ಬರೆದು ಕೂಡಲಿ. ಆಮೇಲೂ ಏನಾದರೂ ಉಳಿಯುವುದಾದರೆ ಕುಟುಂಬ ಹೊರಡಲಿ. ಒಪ್ಪಂದ ಪತ್ರದಲ್ಲಿ ಒಟ್ಟು ಸಂಬಳವನ್ನಲ್ಲ, ಮೂಲ ವೇತನವನ್ನು ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ದೊರೆಯುವ ಸೇವಾಂತ್ಯದ ಹಣದ ಲೆಕ್ಕ ನಡೆಯುವುದು ಮೂಲ ವೇತನದ ಮೇಲೆ. ಯುಎಇಯಲ್ಲಿ ಅದು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ.

ಕಾಗದ ಪತ್ರಗಳ ವಿಷಯದಲ್ಲಿ ನಮ್ಮ ಉದಾಸೀನ ಪ್ರಸಿದ್ಧ. ತಾಯಿಯ ಹೆಸರು ಒಂದು ದಾಖಲೆಯಲ್ಲಿ ಬೀಫಾತಿಮಾ, ಇನ್ನೊಂದರಲ್ಲಿ ಬೀಪಾತುಮ್ಮ, ಮೂರನೆಯದರಲ್ಲಿ ಫಾತಿಮಾ. ತಂದೆ ಒಂದೆಡೆ ಅಬ್ದುಲ್ ರಹಿಮಾನ್, ಇನ್ನೊಂದೆಡೆ ಅಬ್ದುರ್ರಹ್ಮಾನ್. ಊರಿನಲ್ಲಿ ಎಲ್ಲರೂ ಒಬ್ಬರನ್ನೇ ಬಲ್ಲರು. ಆದರೆ ಗಣಕಯಂತ್ರವು ಇವರನ್ನು ಬೇರೆ ಬೇರೆ ವ್ಯಕ್ತಿಗಳೆಂದು ಓದುತ್ತದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು ಉಪನಾಮದ ಸ್ಥಳ ಖಾಲಿ ಇರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇಯು 2022ರ ನವೆಂಬರಿನಲ್ಲಿ ತಿಳಿಸಿದಾಗ ಒದ್ದಾಡಿದವರಲ್ಲಿ ನಮ್ಮವರೂ ಇದ್ದರು. ಮಸೀದಿಯ ನಿಕಾಹ್ ಪುಸ್ತಕದ ಪ್ರತಿಯೊಂದನ್ನೇ ಹಿಡಿದು ಪತ್ನಿಯ ವೀಸಾ ಮಾಡಿಸಲು ಹೊರಟವರು ಅಲೆದಾಡಿದ್ದಾರೆ. ಮುಸ್ಲಿಮರ ವಿವಾಹ ಪ್ರಮಾಣ ಪತ್ರ ನೀಡಲು ವಕ್ಫ್ ಮಂಡಳಿಗೆ ಅಧಿಕಾರ ಕೊಟ್ಟಿದ್ದ 2023ರ ಸರಕಾರಿ ಆದೇಶಕ್ಕೆ 2024ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟು ತಡೆ ನೀಡಿತು. ಹಾಗಾಗಿ ನಿಕಾಹ್ ಆದ ತಿಂಗಳಲ್ಲೇ ಸರಕಾರಿ ನೋಂದಣಿಯನ್ನೂ ಮಾಡಿಸಿಕೊಳ್ಳುವುದು ಜಾಣತನ. ಆ ಪತ್ರಕ್ಕೆ ರಾಜ್ಯ ಸರಕಾರದ, ಬಳಿಕ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಕೆಲವು ದೇಶಗಳಿಗೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇದಕ್ಕೆಲ್ಲ ವಾರಗಳು ತಗಲುತ್ತವೆ. ಟಿಕೆಟ್ ಮಾಡಿದ ಮೇಲೆ ಓಡಾಡುವ ಕೆಲಸ ಇದಲ್ಲ.

ಅದಕ್ಕಿಂತಲೂ ಗಂಭೀರವಾದ ಒಂದು ವಿಷಯವನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ಗಲ್ಫ್‌ನಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶದ ಪೌರತ್ವ ಸಿಗುವುದಿಲ್ಲ. ಹಾಗಾದರೆ ನಮ್ಮ ಪೌರತ್ವ ತಾನಾಗಿ ಸಿಗುತ್ತದೆಯೇ? 1955ರ ಪೌರತ್ವ ಕಾಯ್ದೆಗೆ ಆದ ತಿದ್ದುಪಡಿಯಂತೆ, 2004ರ ಡಿಸೆಂಬರ್ 3ರ ಬಳಿಕ ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕು. ಪೌರತ್ವದ ದಾಖಲೆಗಳ ಬಗ್ಗೆ 2019ರಲ್ಲಿ ಈ ಸಮುದಾಯ ಎಷ್ಟು ಆತಂಕಪಟ್ಟಿತು, ಎಷ್ಟು ಬೀದಿಗಿಳಿಯಿತು ಎಂಬುದು ನಮಗೆ ನೆನಪಿದೆ. ಬೀದಿಗಿಳಿಯುವ ಹಕ್ಕು ನಮ್ಮದು ಹೌದು. ಆದರೆ ದೂತಾವಾಸದ ಒಂದು ಅರ್ಜಿಯನ್ನು ತುಂಬಿಸುವ ಹೊಣೆಯೂ ನಮ್ಮದೇ. ಮತದಾನದ ಹಕ್ಕಿನ ವಿಷಯವೂ ಹಾಗೆಯೇ. ವಿದೇಶದಲ್ಲಿರುವ ಭಾರತೀಯ ಪ್ರಜೆ ನಮೂನೆ 6ಎ ತುಂಬಿಸಿ ತನ್ನ ಪಾಸ್‌ಪೋರ್ಟ್‌ನ ವಿಳಾಸವಿರುವ ಕ್ಷೇತ್ರದಲ್ಲಿ ಹೆಸರು ಸೇರಿಸಿಕೊಳ್ಳಬಹುದು. ಊರಿನಲ್ಲಿಲ್ಲವೆಂದು ಹೆಸರು ಕೈಬಿಟ್ಟು ಹೋದ ಮೇಲೆ ಗೋಳಾಡುವ ಬದಲು ಹೊರಡುವ ಮುನ್ನವೇ ಇದನ್ನು ತಿಳಿದಿರಬೇಕು.

ಪೆಟ್ಟಿಗೆಯ ಒಳಗಿನ ಒಂದು ಮಾತು. ನಮ್ಮ ಅಡುಗೆ ಮನೆಯ ಗಸಗಸೆ ಯುಎಇ, ಸೌದಿಯಲ್ಲಿ ನಿಷಿದ್ಧ ವಸ್ತು. ಮಸಾಲೆಯ ಪೊಟ್ಟಣದಲ್ಲಿ ಒಂದು ಹಿಡಿ ಗಸಗಸೆ ಸಿಕ್ಕರೂ ಅದು ಮಾದಕ ದ್ರವ್ಯದ ಪ್ರಕರಣವಾಗಬಹುದು. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳ ವಿಷಯದಲ್ಲೂ ಎಚ್ಚರ ಬೇಕು. ವೈದ್ಯರ ಚೀಟಿ ಮತ್ತು ಆ ದೇಶದ ಅನುಮತಿ ಇಲ್ಲದೆ ಒಯ್ಯಬಾರದು. ನೆರೆಮನೆಯವರು ತಮ್ಮ ಮಗನಿಗೆಂದು ಕೊಟ್ಟ ಕಟ್ಟನ್ನು ಅವರ ಎದುರಿನಲ್ಲೇ ಬಿಚ್ಚಿ ನೋಡಿ. ಮುಖ ದಾಕ್ಷಿಣ್ಯಕ್ಕೆ ಒಂದು ಕುಟುಂಬ ಬಲಿಯಾಗಬಾರದು.

ಸಹೋದರರೇ, ಈಗ ಪತ್ನಿಯ ಕುರಿತು. ಹಬ್ಶಾಕ್ಕೆ ವಲಸೆ ಹೋದ ಜಅಫರ್ ಬಿನ್ ಅಬೀ ತಾಲಿಬ್(ರ) ಮತ್ತು ಅವರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ)ರ ಬದುಕನ್ನು ನಾವು ಓದಬೇಕು. ಭಾಷೆ ಬೇರೆ, ಜನ ಬೇರೆ, ಧರ್ಮ ಬೇರೆಯಾಗಿದ್ದ ನಾಡಿನಲ್ಲಿ ಅವರು ಸಂಸಾರ ಹೂಡಿದರು. ಅವರ ಮಕ್ಕಳು ಅಲ್ಲೇ ಹುಟ್ಟಿದರು. ದಶಕಕ್ಕೂ ಮಿಕ್ಕಿದ ಕಾಲ ಕಳೆದು ಹಿಜರಿ ಏಳನೇ ವರ್ಷದಲ್ಲಿ ಮದೀನಾಕ್ಕೆ ಮರಳಿದರು. ಮದೀನಾದಲ್ಲಿ ಮೊದಲೇ ನೆಲೆಸಿದ್ದವರು ತಾವೇ ಮುಂದೆಂಬಂತೆ ಮಾತಾಡಿದಾಗ ಅಸ್ಮಾ(ರ) ಸುಮ್ಮನಿರಲಿಲ್ಲ. ದೂರದ ನಾಡಿನಲ್ಲಿ ತಾವುಂಡ ಕಷ್ಟವನ್ನು ನೇರವಾಗಿ ಪ್ರವಾದಿ(ಸ)ರ ಮುಂದಿಟ್ಟರು. ಪ್ರವಾದಿ(ಸ)ರು ಅವರ ಮಾತನ್ನು ಎತ್ತಿ ಹಿಡಿದು, ಹಡಗಿನಲ್ಲಿ ಬಂದವರಿಗೆ ಎರಡು ಹಿಜ್ರತ್‌ಗಳ ಶ್ರೇಯವಿದೆಯೆಂದರು. ಪರನಾಡಿನಲ್ಲಿ ಸಂಸಾರ ನಡೆಸಿದ ಹೆಣ್ಣಿನ ಪಾಡಿಗೂ ಲೆಕ್ಕವಿದೆ ಎಂಬುದಲ್ಲವೇ ಇದರ ಪಾಠ?

ನಾವಾದರೋ ಬಿ.ಎಡ್. ಮುಗಿಸಿದ ಹೆಣ್ಣು ಮಗಳನ್ನು ಆರನೆಯ ಮಹಡಿಯ ಒಂದು ಕೋಣೆಯಲ್ಲಿ ಕೂರಿಸಿ, ಬೆಳಿಗ್ಗೆ ಹೋಗಿ ರಾತ್ರಿ ಬಂದು, ನಿನಗೇನು ಕಷ್ಟ ಎಂದು ಕೇಳುತ್ತೇವೆ. ಆಕೆಗೆ ಪರಿಚಯದವರಿಲ್ಲ, ಕೈಯಲ್ಲಿ ಹಣವಿಲ್ಲ, ದಾರಿ ತಿಳಿದಿಲ್ಲ. ಹೊರಡುವ ತೀರ್ಮಾನವನ್ನು ಆಕೆಯೊಂದಿಗೆ ಸಮಾಲೋಚಿಸಿ ಮಾಡಿದ್ದೇವೆಯೇ? ಆಕೆಯ ಪಾಸ್‌ಪೋರ್ಟ್ ಆಕೆಯ ಬಳಿ ಇರುತ್ತದೆಯೇ? ಊರಿನಲ್ಲಿ ಆಕೆಯ ಹೆಸರಿನಲ್ಲೊಂದು ಬ್ಯಾಂಕ್ ಖಾತೆ ಇದೆಯೇ? ಪತಿಗೆ ಏನಾದರೂ ಆದರೆ ಯಾರಿಗೆ ಕರೆ ಮಾಡಬೇಕು, ದೂತಾವಾಸ ಎಲ್ಲಿದೆ ಎಂಬುದು ತಿಳಿದಿದೆಯೇ? ಆಕೆಯ ಪ್ರಮಾಣ ಪತ್ರಗಳನ್ನೂ ದೃಢೀಕರಿಸಿಕೊಂಡು ಹೋಗಿ. ಕಲಿಸುವ ಅವಕಾಶ ಒದಗಿದರೆ ಅದು ಮನೆಗೂ ಸಮಾಜಕ್ಕೂ ಲಾಭ.

ಮಕ್ಕಳ ವಿಚಾರದಲ್ಲಿ ನಾವು ಮಾಡುವ ತಪ್ಪಿನ ಫಲ ಕಾಣುವುದು ಹತ್ತು ವರ್ಷಗಳ ಬಳಿಕ. ಗಲ್ಫ್‌ನ ಭಾರತೀಯ ಶಾಲೆಗಳಲ್ಲಿ ಹೆಚ್ಚಿನವು ಸಿಬಿಎಸ್‌ಇ ಪಠ್ಯದವು; ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಅದಕ್ಕೆ ಹೊಂದುವಂತೆ ಹೊರಡಬೇಕು. ವರ್ಗಾವಣೆ ಪತ್ರ, ಲಸಿಕೆಯ ದಾಖಲೆ ಕೈಯಲ್ಲಿರಬೇಕು. ಅಲ್ಲಿ ಕನ್ನಡ ಕಲಿಸುವ ಶಾಲೆ ಸಿಗುವುದು ಬಲು ಅಪರೂಪ. ಮಗು ಇಂಗ್ಲಿಷ್ ಮಾತಾಡುವುದನ್ನು ಕಂಡು ಹಿಗ್ಗುತ್ತೇವೆ. ಮರಳಿ ಬಂದಾಗ ಅದೇ ಮಗು ಬಸ್ಸಿನ ಫಲಕ ಓದಲಾರದು, ಅಜ್ಜಿಯೊಂದಿಗೆ ಬ್ಯಾರಿಯಲ್ಲೋ ಉರ್ದುವಿನಲ್ಲೋ ನವಾಯತಿಯಲ್ಲೋ ನಾಲ್ಕು ಮಾತಾಡಲಾರದು. ಸೌದಿಯ ಶುಲ್ಕದ ಭಾರದಿಂದ ಮರಳಿದ ನಮ್ಮ ಪರಿಚಯದ ಕುಟುಂಬವೊಂದರ ಹುಡುಗನನ್ನು ಆರನೇ ತರಗತಿಗೆ ಸೇರಿಸಿದಾಗ ಅವನು ಕನ್ನಡದ ಅಕ್ಷರಮಾಲೆಯಿಂದ ಆರಂಭಿಸಬೇಕಾಯಿತು. ಸಹಪಾಠಿಗಳ ನಗುವಿಗೆ ಹೆದರಿ ಅವನು ಶಾಲೆಗೆ ಹೋಗಲೊಲ್ಲದೆ ಕಳೆದ ತಿಂಗಳುಗಳ ನಷ್ಟವನ್ನು ಯಾವ ರಿಯಾಲ್ ತುಂಬಿ ಕೊಡಬಲ್ಲುದು? ಇನ್ನೊಂದು ಮಾತು. ಕರ್ನಾಟಕದ ಸಿಇಟಿಯ ಮೂಲಕ ಸರಕಾರಿ ಸೀಟು ಪಡೆಯುವ ಮುಖ್ಯ ಅರ್ಹತೆಯೆಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯ ಒಳಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರುವುದು. ಮಗು ಯಾವ ತರಗತಿಯಲ್ಲಿ ಮರಳಬೇಕು ಎಂಬುದನ್ನು ಹೊರಡುವಾಗಲೇ ಯೋಚಿಸದಿದ್ದರೆ ಆಮೇಲೆ ದುಬಾರಿ ಸೀಟಿಗಾಗಿ ಮತ್ತೆ ಹತ್ತು ವರ್ಷ ಅಲ್ಲೇ ದುಡಿಯಬೇಕಾದೀತು. ದಿನಕ್ಕೆ ಅರ್ಧ ಗಂಟೆ ಕನ್ನಡ, ಅರ್ಧ ಗಂಟೆ ಕುರ್‌ಆನ್. ಇದಕ್ಕೆ ಫೀಸಿಲ್ಲ, ಬೇಕಾದುದು ತಾಯಿ ತಂದೆಯರ ಸಂಯಮ ಮಾತ್ರ.

ಬಿಟ್ಟು ಹೋಗುವವರ ಬಗ್ಗೆ ಹೇಳದೆ ಮಾತು ಮುಗಿಸಲಾಗದು. ಮಗ ಒಬ್ಬನೇ ಹೋಗುತ್ತಿದ್ದಾಗ ಮನೆಯಲ್ಲಿ ಸೊಸೆ ಇರುತ್ತಿದ್ದಳು, ಮೊಮ್ಮಕ್ಕಳ ಗದ್ದಲವಿರುತ್ತಿತ್ತು. ಈಗ ತಾರಸಿ ಮನೆಯಲ್ಲಿ ವೃದ್ಧ ದಂಪತಿ ಮಾತ್ರ ಉಳಿಯುತ್ತಾರೆ. ಸಕ್ಕರೆ ಕಾಯಿಲೆಯ ಮದ್ದು ತರುವವರಾರು? ಮಧ್ಯರಾತ್ರಿ ಎದೆ ನೋವು ಬಂದರೆ ಆಸ್ಪತ್ರೆಗೆ ಒಯ್ಯುವವರಾರು? ವಿಡಿಯೋ ಕರೆ ಮುಖ ತೋರಿಸೀತು, ಹಣೆ ಮುಟ್ಟಿ ಜ್ವರ ನೋಡಲಾರದು. ತಂದೆ ತಾಯಿಯ ಮುಂದೆ 'ಛೆ' ಎಂಬ ಉದ್ಗಾರವನ್ನೂ ನಿಷೇಧಿಸಿದ ಧರ್ಮ ನಮ್ಮದು. ಸಹೋದರರು ಒಟ್ಟಿಗೆ ಕೂತು, ಯಾರು ಹಣ ಕೊಡುವುದು, ಯಾರು ಹತ್ತಿರವಿದ್ದು ನೋಡುವುದು ಎಂದು ತೀರ್ಮಾನಿಸಬೇಕು. ಹತ್ತಿರವಿದ್ದು ನೋಡುವವನನ್ನು ಗಲ್ಫ್‌ಗೆ ಹೋಗಲಾರದ ದಡ್ಡನೆಂದು ಕಾಣುವ ಚಾಳಿ ಮೊದಲು ನಿಲ್ಲಬೇಕು.

ಸಮುದಾಯ ಮತ್ತು ಸರಕಾರಕ್ಕೂ ಹೊಣೆಯಿಲ್ಲವೇ? ಗಲ್ಫ್‌ನಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. 2022ರಲ್ಲಿ ವಿದೇಶಗಳಿಂದ ಭಾರತಕ್ಕೆ ಬಂದ ಹಣ 100 ಬಿಲಿಯನ್ ಡಾಲರ್ ದಾಟಿತು. ನೆರೆಯ ಕೇರಳವು 1996ರಲ್ಲೇ ಅನಿವಾಸಿಗಳಿಗಾಗಿ 'ನೋರ್ಕಾ' ಇಲಾಖೆಯನ್ನು ತೆರೆಯಿತು. ಮರಳಿ ಬಂದವರಿಗೆ ಕ್ಷೇಮನಿಧಿ, ಪಿಂಚಣಿಯ ವ್ಯವಸ್ಥೆ ಮಾಡಿತು. ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಆದರೆ ಗಲ್ಫ್ ಕಾರ್ಮಿಕನ ಮನೆ ಬಾಗಿಲಿಗೆ ಮುಟ್ಟುವ ಅಂಥ ವ್ಯವಸ್ಥೆ ಬೆಳೆಯಲಿಲ್ಲ. ಮತ ಕೇಳಲು ಬರುವ ಪ್ರತಿಯೊಬ್ಬ ಜನಪ್ರತಿನಿಧಿಯೊಂದಿಗೂ ನಾವು ಇದನ್ನು ಕೇಳಬೇಕು. ಅದೇ ವೇಳೆ ನಮ್ಮ ಜಮಾಅತ್‌ಗಳು ವಂತಿಗೆಗಾಗಿ ಮಾತ್ರ ಅನಿವಾಸಿಗಳನ್ನು ನೆನೆಯುವುದನ್ನು ಬಿಟ್ಟು, ಮಸೀದಿಯ ಒಂದು ಕೋಣೆಯಲ್ಲಿ ವಾರಕ್ಕೊಮ್ಮೆ ದಾಖಲೆಗಳ ಮಾಹಿತಿ ನೀಡುವ, ಬಡ್ಡಿರಹಿತ ಸಾಲ ಒದಗಿಸುವ, ಒಂಟಿ ಹಿರಿಯರ ಮನೆಗಳಿಗೆ ಭೇಟಿ ಕೊಡುವ ಕೆಲಸ ಆರಂಭಿಸಬೇಕು.

ಕೊನೆಯದಾಗಿ, ಮರಳುವ ದಿನ. ಗಲ್ಫ್ ನಮ್ಮ ಶಾಶ್ವತ ನೆಲೆಯಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಮಿಕ್ಕಿದ ಭಾರತೀಯರು ಉಟ್ಟ ಬಟ್ಟೆಯಲ್ಲಿ ಅಮ್ಮಾನ್ ಮೂಲಕ ಮರಳಿದರು. 2020ರ ಮೇ ತಿಂಗಳಲ್ಲಿ ಸೋಂಕಿನ ನಡುವೆ ಕೆಲಸ ಕಳಕೊಂಡವರು, ಗರ್ಭಿಣಿಯರು ವಿಮಾನಕ್ಕಾಗಿ ಕಾದರು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ನಮ್ಮದೇ ಮಂಗಳೂರಿನ ನಿಲ್ದಾಣದಲ್ಲಿ ದುರಂತಕ್ಕೀಡಾಗಿ 158 ಮಂದಿ ಅಗಲಿದರು. ಮನೆಯ ಹೊಸ್ತಿಲು ಇನ್ನೊಂದು ಗಂಟೆಯ ದಾರಿಯಿತ್ತು. ಬರೆದಿಡಬೇಕಾದುದು ಇರುವವನು ವಸಿಯ್ಯತ್ ಬರೆಯದೆ ಎರಡು ರಾತ್ರಿಯನ್ನೂ ಕಳೆಯಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಸಾಲ, ಆಸ್ತಿ, ಅಮಾನತ್ತು, ಮಕ್ಕಳ ಪೋಷಣೆ ಎಲ್ಲವನ್ನೂ ಬರೆದು ಒಂದು ಪ್ರತಿಯನ್ನು ಊರಿನ ವಿಶ್ವಾಸಿಕರ ಕೈಯಲ್ಲಿಡಿ. ಎಷ್ಟು ವರ್ಷಕ್ಕೆ ಹೋಗುತ್ತೇವೆ, ಏನನ್ನು ಸಾಧಿಸಿ ಮರಳುತ್ತೇವೆ ಎಂಬುದನ್ನೂ ಪತಿ ಪತ್ನಿ ಇಬ್ಬರೂ ಕೂತು ಬರೆಯಿರಿ.

ಪೆಟ್ಟಿಗೆಯ ತೂಕ ಹೆಚ್ಚಾದರೆ ವಿಮಾನ ನಿಲ್ದಾಣದಲ್ಲಿ ಒಂದೆರಡು ಪೊಟ್ಟಣ ತೆಗೆದಿಟ್ಟು ಹೋಗಬಹುದು. ಬೇರೆಯವರ ಹಕ್ಕನ್ನು ಹೊತ್ತು ಹೊರಟರೆ ಅದನ್ನು ಇಳಿಸಲು ಯಾವ ನಿಲ್ದಾಣವೂ ಸಿಗದು. ನಮ್ಮ ಪಯಣಗಳನ್ನು ಅಲ್ಲಾಹನು ಸುಗಮಗೊಳಿಸಲಿ, ನಮ್ಮ ದುಡಿಮೆಯನ್ನು ಹಲಾಲ್ ಆಗಿಸಲಿ, ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ. ಆಮೀನ್.